ಹೊಟ್ಟೆ ಚಿಕ್ಕದು ಮಾಡಿಸಿ ಮನೆಗೆ ಬಂದವರಿಗೆ

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರು. ತೂಕ ಇಳಿಸಲು ಜಠರವನ್ನೇ ಚಿಕ್ಕದು ಮಾಡಿಸುವ ಆಪರೇಷನ್ ಬೇರೆ. ಅದನ್ನು ಮಾಡಿಸಿ ಆಲೆಟ್ಟಿಯಂಥ ಊರಿಗೆ ಮರಳಿದವರ ವಿಷಯದಲ್ಲಿ ನಾವು ಹೆಚ್ಚು ಹೆದರಬೇಕಾದದ್ದು ನಿಲ್ಲದ ವಾಂತಿಗೆ.

“ಆಪರೇಷನ್ ಆದ್ಮೇಲೆ ವಾಂತಿ ಇದ್ದದ್ದೇ” ಎಂದು ಮನೆಯವರು ಗಂಜಿ ತಿಳಿ ಕೊಡುತ್ತಾ ಕೂರುತ್ತಾರೆ. ಕುಚ್ಚಲಕ್ಕಿಯಲ್ಲಿ ಬಿ1 ಜೀವಸತ್ವ ಬೆಳ್ತಿಗೆಗಿಂತ ಹೆಚ್ಚು, ನಿಜ. ಆದರೆ ವಾಂತಿಯಾಗಿ ಹೋದದ್ದು ಮೈಗೆ ಹತ್ತುವುದುಂಟೇ? ದೇಹದಲ್ಲಿರುವ ಬಿ1 ಕೆಲವೇ ವಾರಗಳಿಗೆ ಸಾಕು. ಅದು ಮುಗಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಗಲಿಬಿಲಿಯಾಗುತ್ತದೆ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳಬಹುದು! ತಡಮಾಡಿದರೆ ಹೋದ ನೆನಪುಶಕ್ತಿ ಮರಳದೇ ಇರಬಹುದು.

ದಿನವಿಡೀ ನೀರೂ ನಿಲ್ಲದಿದ್ದರೆ ಸುಳ್ಯಕ್ಕೆ ಕರೆದುಕೊಂಡು ಹೋಗಿ. ಆಪರೇಷನ್ನಿನ ಚೀಟಿ ತೋರಿಸಿ, “ಗ್ಲೂಕೋಸ್ ಹಾಕುವ ಮೊದಲು ಬಿ1 ಇಂಜೆಕ್ಷನ್ ಬೇಕಾ ಡಾಕ್ಟ್ರೇ?” ಎಂದು ಕೇಳಿ. ಬರೀ ಗ್ಲೂಕೋಸ್ ಇಳಿಸಿದರೆ ಉಳಿದ ಬಿ1 ಸಹ ಖರ್ಚಾಗುತ್ತದೆ. ಕೇಳಲು ಸಂಕೋಚ ಬೇಡ.

ಮೊದಲ ವಾರಗಳಲ್ಲಿ ಜ್ವರ, ಹೊಟ್ಟೆನೋವು, ಜೋರಾದ ಎದೆಬಡಿತ ಬಂದರೆ ಒಳಗಿನ ಹೊಲಿಗೆ ಸೋರುತ್ತಿರಬಹುದು. ರಾತ್ರಿಯಾದರೂ ಹೊರಡಿ. ಮೈಕೈ ನೋವಿಗೆ ಅಂಗಡಿಯ ಮಾತ್ರೆ ನುಂಗಬೇಡಿ, ಹುಣ್ಣಾದೀತು. ಡಾಕ್ಟರು ಬರೆದ ವಿಟಮಿನ್ ಮಾತ್ರ ವರ್ಷಗಳಾದರೂ ನಿಲ್ಲಿಸಬೇಡಿ.