ಆರು ಮಂದಿಯ ದೋಣಿ ಲೆಕ್ಕ

ವಿದೇಶ ಪ್ರವಾಸದ ಖರ್ಚು ಬಹುಪಾಲು ತಲೆಲೆಕ್ಕದ್ದು. ವಿಮಾನದ ಟಿಕೆಟ್, ವೀಸಾ ಶುಲ್ಕ, ವಿಮೆ, ಊಟ ಎಲ್ಲವೂ ಒಬ್ಬೊಬ್ಬರಿಗೆ ಇಷ್ಟಿಷ್ಟು. ಒಬ್ಬರು ಬರುವುದಿಲ್ಲ ಎಂದರೆ ಅವರ ಖರ್ಚೂ ಅವರ ಜೊತೆಗೇ ಮನೆಯಲ್ಲಿ ಉಳಿಯುತ್ತದೆ. ದೋಣಿಯ ಬಾಡಿಗೆ ಹಾಗಲ್ಲ. ಅದು ಇಡಿಗಂಟು. ಆರು ಜನ ಹತ್ತಿದರೂ ಅಷ್ಟೇ, ನಾಲ್ವರು ಹತ್ತಿದರೂ ಅಷ್ಟೇ. ಮುಂದಿನ ಮೇ ತಿಂಗಳಿಗೆಂದು ನಾವು ಹಳೆಯ ಸಹಪಾಠಿಗಳು ಹಾಕಿಕೊಂಡಿರುವ ಯೋಜನೆಯ ಜಗಳ, ನಗು, ಹೊಂದಾಣಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತಿವೆ.

ಯೋಜನೆ ಇಷ್ಟು: ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯ ಲಾಂಗೋಲೆನ್ ಕಾಲುವೆಯಲ್ಲಿ ಒಂದು ವಾರ ನಾವೇ ನಡೆಸುವ ದೋಣಿಯಲ್ಲಿ ಇರುವುದು. ಅಂಬಿಗನಿಲ್ಲ, ಗೈಡ್ ಇಲ್ಲ. ನ್ಯಾರೋಬೋಟ್ ಎನ್ನುವ ಈ ದೋಣಿಗಳ ಅಗಲ ಏಳಡಿಗಿಂತ ಎರಡಿಂಚು ಕಡಿಮೆ, ಏಕೆಂದರೆ ಆ ಕಾಲುವೆಯಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳ ಅಗಲವೇ ಏಳಡಿ. ಉದ್ದ ಮಾತ್ರ ಬಸ್ಸನ್ನೂ ಮೀರಿಸಬಲ್ಲದು. ಒಳಗೆ ಮಲಗುವ ಕೋಣೆ, ಅಡುಗೆಮನೆ, ಬಚ್ಚಲು. ಬಾಡಿಗೆಗೆ ಪಡೆಯುವವರಿಗೆ ಲೈಸೆನ್ಸ್ ಬೇಕಿಲ್ಲ. ದಡದಲ್ಲಿ ಸ್ವಲ್ಪ ಹೊತ್ತು ಹೇಳಿಕೊಟ್ಟು ಕೀಲಿ ಕೈಗಿಡುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ಪಕ್ಕದ ದಾರಿಯಲ್ಲಿ ಬಿರುಸಾಗಿ ನಡೆಯುವವರು ನಮ್ಮನ್ನು ಹಿಂದೆ ಹಾಕುತ್ತಾರೆ.

ಗುಂಪಿನಲ್ಲಿರುವ ಮಂಡ್ಯದ ಗೆಳೆಯನಿಗೆ ಇದನ್ನು ವಿವರಿಸಿದಾಗ ಅವನು ಕೇಳಿದ್ದು ಒಂದೇ ಮಾತು: "ವಿ.ಸಿ. ನಾಲೇಲಿ ಈಜಾಡ್ಕೊಂಡು ಬೆಳೆದೋನು ಕಣ್ರಲಾ ನಾನು. ನಾಲೆ ನೋಡಕ್ಕೆ ಲಕ್ಷಗಟ್ಲೆ ಸುರೀಬೇಕಾ?" ಹಾಗೆಂದವನು ಲಾಕ್‌ನಲ್ಲಿ ಕೈಯಾರೆ ತೂಬು ಎತ್ತಿ, ನೀರು ತುಂಬಿಸಿ, ದೋಣಿಯನ್ನು ಮೇಲಕ್ಕೇರಿಸುವ ವಿಡಿಯೊ ಕಂಡ ಮೇಲೆ ಹಣ ಕೊಡಲು ಎಲ್ಲರಿಗಿಂತ ಮೊದಲು ಒಪ್ಪಿದ.

ಕಾಲುವೆಯ ಆಯ್ಕೆಯಲ್ಲೂ ಲೆಕ್ಕವಿದೆ. ನಮ್ಮಲ್ಲಿ ಎಲ್ಲರೂ ಅರುವತ್ತರ ಆಸುಪಾಸಿನವರು, ಇಬ್ಬರಿಗೆ ಮಂಡಿನೋವು. ಹೆಚ್ಚು ಲಾಕ್ ಎಂದರೆ ಹೆಚ್ಚು ದುಡಿಮೆ. ಲಾಂಗೋಲೆನ್ ಕಡೆಯಿಂದ ಎಲ್ಸ್‌ಮಿಯರ್ ಊರಿನವರೆಗೆ ನ್ಯೂ ಮಾರ್ಟನ್ ಎಂಬಲ್ಲಿ ಸಿಗುವುದು ಎರಡೇ ಲಾಕ್. ದಾರಿಯಲ್ಲಿ ಚರ್ಕ್‌ನ ಸುರಂಗವಿದೆ, ಪಾಂಟ್‌ಕಸಲ್ಟೆ ಎಂಬ ಮೇಲ್ಗಾಲುವೆ ಇದೆ. ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದದ ಬೀಡುಕಬ್ಬಿಣದ ತೊಟ್ಟಿಯಲ್ಲಿ ದೋಣಿ ಸಾಗುತ್ತದೆ. ಕಾಲುದಾರಿಯ ಕಡೆಗೆ ಕಂಬಿ ಉಂಟು, ಇನ್ನೊಂದು ಕಡೆಗೆ ಏನೂ ಇಲ್ಲ.

ಈ ಮೇಲ್ಗಾಲುವೆಯ ಹಣಕಾಸಿನ ಕಥೆ ನನಗೆ ಅದರ ಎತ್ತರಕ್ಕಿಂತ ರುಚಿ. 1790ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕಾಲುವೆ ಕಂಪನಿಗಳ ಷೇರಿಗೆ ಜನ ಮುಗಿಬಿದ್ದಿದ್ದರು. ಮರ್ಸಿ ನದಿಯಿಂದ ಸೆವರ್ನ್ ನದಿಯವರೆಗೆ ಕಾಲುವೆ ತೋಡುತ್ತೇವೆ ಎಂದು ಹೊರಟ ಕಂಪನಿ ಅದರಲ್ಲೊಂದು. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಸೇರಿ ಸುಮಾರು 47,000 ಪೌಂಡ್‌ನಲ್ಲಿ ಈ ಸೇತುವೆ ಮುಗಿಸಿದರು. 1805ರಲ್ಲಿ ಅದು ತೆರೆಯಿತು. ಆದರೆ ಅಷ್ಟರಲ್ಲಿ ಅದರಾಚೆ ಉತ್ತರಕ್ಕೆ ಹೋಗಬೇಕಿದ್ದ ಮುಖ್ಯ ದಾರಿಯನ್ನು ಹಣ ಸಾಲದೆ ಕೈಬಿಟ್ಟಾಗಿತ್ತು. 1944ರಲ್ಲಿ ಕಾಯಿದೆ ಮಾಡಿ ಕಾಲುವೆಯನ್ನೇ ಸಾಗಾಟಕ್ಕೆ ಮುಚ್ಚಿದರು. ಆದರೂ ಅದನ್ನು ಹೂಳಲಿಲ್ಲ, ಏಕೆಂದರೆ ಡೀ ನದಿಯ ನೀರನ್ನು ಚೆಷರ್ ಕಡೆಯ ಜಲಾಶಯಕ್ಕೆ ಒಯ್ಯಲು ಅದು ಬೇಕಿತ್ತು. ದೋಣಿಯಿಂದ ಬಾರದ ಆದಾಯ ನೀರಿನಿಂದ ಬಂತು, ಕಾಲುವೆ ಉಳಿಯಿತು. 2009ರಲ್ಲಿ ಈ ಮೇಲ್ಗಾಲುವೆ ಯುನೆಸ್ಕೊ ಪಟ್ಟಿಗೂ ಸೇರಿತು. ಆ ಮೊದಲ ಷೇರುದಾರರಿಗೆ ಇದರಿಂದ ಏನೂ ಸಮಾಧಾನವಿಲ್ಲ, ಬಿಡಿ.

ನಮ್ಮ ಲೆಕ್ಕಕ್ಕೆ ಬರುತ್ತೇನೆ. ಬ್ರಿಟನ್ನಿನ ಶಾಲೆಗಳಿಗೆ ರಜೆ ಬಂದ ಕೂಡಲೇ ದೋಣಿ ದರ ಏರುತ್ತದೆ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ದುಬಾರಿ, ಮೇ ಕೊನೆಯ ವಾರವೂ ಶಾಲಾ ರಜೆಯದೇ. ನಾವು ಅದಕ್ಕೆ ಮುಂಚಿನ ವಾರ ಹಿಡಿದೆವು. ಆರು ಮಂದಿ ಮಲಗುವ ದೋಣಿಗೆ ನಮಗೆ ಸಿಕ್ಕ ದರ 1,680 ಪೌಂಡ್. ಪೌಂಡಿಗೆ 120 ರೂಪಾಯಿ ಎಂದಿಟ್ಟುಕೊಂಡರೆ 2,01,600 ರೂಪಾಯಿ. ಆರು ಜನಕ್ಕೆ ಹಂಚಿದರೆ ತಲಾ 33,600, ಅಂದರೆ ರಾತ್ರಿಗೆ 4,800. ಅಡುಗೆಮನೆಯ ಸಮೇತ ತೇಲುವ ಮನೆಗೆ ಇದು ಅಗ್ಗವೇ. ಒಬ್ಬರು ಕಡಿಮೆಯಾದರೆ 40,320. ಇಬ್ಬರು ಕಡಿಮೆಯಾದರೆ 50,400.

ಇಲ್ಲಿಂದ ಎರಡು ಪ್ರಶ್ನೆ ಎದ್ದವು. ಮೊದಲನೆಯದು, ತಲಾ ಎಂದರೆ ಸಮ ಪಾಲೇ?

ಆರು ಮಂದಿಯಲ್ಲಿ ಎರಡು ಜೋಡಿ, ಇಬ್ಬರು ಒಂಟಿ. ಜೋಡಿಗಳಿಗೆ ಬಾಗಿಲಿರುವ ಕೋಣೆಗಳು. ಉಳಿದಿಬ್ಬರಿಗೆ ಊಟದ ಮೇಜನ್ನೇ ಇಳಿಸಿ ಮಾಡುವ ಹಾಸಿಗೆ. ಬೆಳಗಾದರೆ ಅದನ್ನು ಮಡಚಬೇಕು, ಇಲ್ಲವಾದರೆ ಯಾರಿಗೂ ತಿಂಡಿಯಿಲ್ಲ. ಆ ಒಂಟಿಗಳಲ್ಲಿ ಒಬ್ಬರು ಮೇಷ್ಟ್ರು, ಪಿಂಚಣಿಯಿಲ್ಲದ ಖಾಸಗಿ ಶಾಲೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲರಿಗಿಂತ ಕೈ ಬಿಗಿ ಅವರದೇ. ಅವರ ಪಾಲನ್ನು ನಾವು ಕಟ್ಟುತ್ತೇವೆ ಎಂದು ಯಾರಾದರೂ ಬಾಯಿಬಿಟ್ಟಿದ್ದರೆ ಅವರು ಅವತ್ತೇ ಗುಂಪು ಬಿಡುತ್ತಿದ್ದರು. ಹಾಗಾಗಿ ಆದಾಯದ ಮಾತು ಎತ್ತದೆ ಹಾಸಿಗೆಯ ಮೇಲೆ ದರ ಕಟ್ಟಿದೆವು. ಮೇಜಿನ ಹಾಸಿಗೆಗೆ 28,000, ಕೋಣೆಯವರಿಗೆ ತಲಾ 36,400. ಮೊತ್ತ ಅದೇ 2,01,600. ಇನ್ನೊಬ್ಬ ಒಂಟಿಯಾದ ಮಂಡ್ಯದವನಿಗೆ ಈ ಅನುಕೂಲ ಬೇಕಿರಲಿಲ್ಲ, ಆದರೂ ಅವನು ಖುಷಿಯಿಂದ ತೆಗೆದುಕೊಂಡದ್ದರಿಂದ ಮೇಷ್ಟ್ರೂ ತೆಗೆದುಕೊಂಡರು.

ಒಟ್ಟು ಬಜೆಟ್ಟನ್ನೂ ಹೀಗೆಯೇ ಕಟ್ಟಿದೆವು. ಬ್ಯಾಂಕಿನಿಂದ ನಿವೃತ್ತಳಾದ ಗೆಳತಿಯ ಫೋನಿಗೆ ಪ್ರತಿಯೊಬ್ಬರೂ ತಮ್ಮ ಕೈಲಾಗುವ ಗರಿಷ್ಠ ಮೊತ್ತ ಕಳಿಸುವುದು, ಅವಳು ಅತಿ ಕಡಿಮೆಯದನ್ನು ಮಾತ್ರ ಹೇಳುವುದು, ಅದು ಯಾರದೆಂದು ಹೇಳದಿರುವುದು. ಬಂದ ಅಂಕಿ ಎರಡೂಕಾಲು ಲಕ್ಷ. ಸರಾಸರಿ ಹಿಡಿದಿದ್ದರೆ ಅರ್ಧ ಜನ ಸಾಲ ಮಾಡಿ ಬಂದು, ಪ್ರತಿ ಕಾಫಿಗೂ ಮನಸ್ಸಿನಲ್ಲೇ ರೂಪಾಯಿ ಎಣಿಸುತ್ತಿದ್ದರು. ಕೆಳಗಿನ ಅಂಕಿ ಹಿಡಿದದ್ದರಿಂದ ಲಂಡನ್ ವಾಸ್ತವ್ಯ ಮೂರು ರಾತ್ರಿಯಿಂದ ಒಂದಕ್ಕೆ ಇಳಿಯಿತು. ಲಂಡನ್ ಎಲ್ಲೂ ಹೋಗುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಇಕ್ಕಟ್ಟಿನದು. ಯಾರಾದರೂ ಮಧ್ಯೆ ಬಿಟ್ಟರೆ ಹೊಂಡ ತುಂಬುವವರು ಯಾರು? ಗೆಳೆಯರ ನಡುವೆ ಇದನ್ನು ಮೊದಲೇ ಕೇಳುವುದು ಅಪಶಕುನ ನುಡಿದಂತೆ ಕಾಣುತ್ತದೆ. ಆದರೆ ಹೊಂಡ ಬಿದ್ದ ಮೇಲೆ ಕೇಳಿದರೆ, ಪ್ರತಿಯೊಬ್ಬರ ನ್ಯಾಯವೂ ಅವರವರ ಜೇಬಿನ ಕಡೆಗೆ ವಾಲುತ್ತದೆ. ಯಾರು ಬಿಡುತ್ತಾರೆಂದು ಗೊತ್ತಿಲ್ಲದ ಈಗಲೇ ನಿಷ್ಪಕ್ಷಪಾತ ಸಾಧ್ಯ. ಒಂದು ಹಾಳೆಯಲ್ಲಿ ಬರೆದೆವು: ಮನಸ್ಸು ಬದಲಾಗಿ ಬಿಟ್ಟವರು ತಮ್ಮ ದೋಣಿ ಪಾಲನ್ನು ಪೂರ್ತಿ ಕೊಡಬೇಕು, ಉಳಿದವರಿಗೆ ಒಪ್ಪಿಗೆಯಾಗುವ ಬದಲಿ ಜನ ತಂದರೆ ಮಾತ್ರ ಬಿಡುಗಡೆ. ಕಾಯಿಲೆಯಾದರೆ ಮೊದಲು ವಿಮೆ, ಅದು ಕೊಡದಿದ್ದದ್ದನ್ನು ಆರೂ ಜನ ಹಂಚಿಕೊಳ್ಳುವುದು. ವೀಸಾ ತಿರಸ್ಕಾರವಾದರೆ ಅದು ಯಾರ ತಪ್ಪೂ ಅಲ್ಲ, ಅದನ್ನೂ ಆರು ಪಾಲು ಮಾಡುವುದು. ಸರಾಸರಿ ಪಾಲಾದ 33,600ರ ಹೊಂಡ ಬಿದ್ದರೆ ತಲಾ 5,600, ತಿರಸ್ಕಾರವಾದವರೂ ಸೇರಿ. ಈ ಕೊನೆಯದಕ್ಕೆ ಬ್ಯಾಂಕಿನ ಗೆಳತಿ ಒಪ್ಪಲಿಲ್ಲ. ವೀಸಾ ಸಿಗದವರಿಗೆ ಮತ್ತೆ ದಂಡ ಹಾಕುವುದು ಕ್ರೂರ ಎಂಬುದು ಅವಳ ವಾದ. ನನಗೇನೋ ಅವರನ್ನೂ ಸೇರಿಸುವುದೇ ಸರಿ ಎನಿಸುತ್ತದೆ. ಇಲ್ಲವಾದರೆ ಪತ್ರಗಳನ್ನು ಜೋಪಾನವಾಗಿ ಹೊಂದಿಸುವ ಶ್ರದ್ಧೆ ಯಾರಿಗಿರುತ್ತದೆ? ಬಹುಮತ ನನ್ನ ಕಡೆಗೆ ಬಂತು.

ವೀಸಾ ಮತ್ತು ದೋಣಿಯ ದಿನಾಂಕಗಳನ್ನು ಎದುರುಬದುರು ಇಟ್ಟು ನೋಡುವುದು ಬಹಳ ಮುಖ್ಯ. ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಮುಂಚೆ ಮಾತ್ರ ಅರ್ಜಿ ಹಾಕಬಹುದು, ಅದಕ್ಕಿಂತ ಮೊದಲು ಆಗದು. ಸಾಮಾನ್ಯವಾಗಿ ಬೆರಳಚ್ಚು ಕೊಟ್ಟ ಮೂರು ವಾರಕ್ಕೆ ತೀರ್ಮಾನ. ಒಳ್ಳೆಯ ದೋಣಿ ಬೇಕಾದರೆ ಅದಕ್ಕೂ ಬಹಳ ಮೊದಲೇ ಮುಂಗಡ ಕೊಟ್ಟು ಹಿಡಿಯಬೇಕು. ನಮ್ಮ ದೋಣಿಯವರು ಕೇಳಿದ್ದು ಶೇ 30 ಮುಂಗಡ, ಉಳಿದದ್ದು ಎಂಟು ವಾರ ಮೊದಲು. ಅಂದರೆ ಮೂರು ತಿಂಗಳ ಬಾಗಿಲು ತೆರೆದ ದಿನವೇ ಅರ್ಜಿ ಹಾಕಿದರೆ, ಬಾಕಿ ಕಟ್ಟುವ ಮುನ್ನ ಉತ್ತರ ಕೈಸೇರುವ ಸಾಧ್ಯತೆ ಇದೆ. ಎರಡು ವಾರ ಸೋಮಾರಿತನ ಮಾಡಿದರೆ ವೀಸಾ ಬರುವುದೋ ಇಲ್ಲವೋ ತಿಳಿಯದೆ 1,176 ಪೌಂಡ್ ಕಟ್ಟಬೇಕಾಗುತ್ತದೆ. ತಿರಸ್ಕಾರವಾದರೆ ವೀಸಾ ಶುಲ್ಕವೂ ಹಿಂದಿರುಗದು. ಪ್ರವಾಸ ವಿಮೆಯನ್ನು ನಂಬಿಕೊಳ್ಳುವ ಮುನ್ನ ವೀಸಾ ತಿರಸ್ಕಾರಕ್ಕೆ ರಕ್ಷಣೆ ಇದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರ ಓದಿ.

ಹಣ ಕಳಿಸುವ ದಾರಿಯಲ್ಲೂ ಸೋರಿಕೆ ಇದೆ. ಕಾರ್ಡಿಗೆ ವಿದೇಶಿ ವಿನಿಮಯದ ಶುಲ್ಕ ಶೇ 3.5 ಇದ್ದರೆ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ನಮ್ಮ ಬಾಡಿಗೆಯ ಮೇಲೆ 8,300 ರೂಪಾಯಿಗೂ ಹೆಚ್ಚು ಸುಮ್ಮನೆ ಹೋಗುತ್ತದೆ. ಆ ಶುಲ್ಕವಿಲ್ಲದ ಕಾರ್ಡ್ ನನ್ನ ಬಳಿ ಇತ್ತು, ಅದರಲ್ಲಿ ಕಟ್ಟಿದೆ. ಅದೂ ಉಳಿದ ಐವರ ಪಾಲು ಯುಪಿಐನಲ್ಲಿ ಬಂದ ಮೇಲೆಯೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಗೆಳೆಯರನ್ನು ಬಿಟ್ಟಲ್ಲ. ಅಲ್ಲಿಗೆ ಹೋದ ಮೇಲೆ ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕಟ್ಟುತ್ತೀರಾ, ಪೌಂಡಿನಲ್ಲಾ ಎಂದು ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ವಿನಿಮಯ ದರ.

ಬ್ಯಾಂಕಿನ ಗೆಳತಿಯದು ಬೇರೆ ತೊಡಕು. ಮಗನ ಓದಿಗೆಂದು ಅವಳು ಈ ಆರ್ಥಿಕ ವರ್ಷ ವಿದೇಶಕ್ಕೆ 10 ಲಕ್ಷಕ್ಕೂ ಹೆಚ್ಚು ಕಳಿಸಿಯಾಗಿದೆ. 2025ರ ಏಪ್ರಿಲ್‌ನಿಂದ ಆ ಮಿತಿ ದಾಟಿದ ಮೇಲೆ ಪ್ರವಾಸದಂಥ ಉದ್ದೇಶಕ್ಕೆ ಕಳಿಸುವ ಹಣದ ಮೇಲೆ ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಹಿಡಿಯುತ್ತಾರೆ, ಫಾರೆಕ್ಸ್ ಕಾರ್ಡಿಗೆ ತುಂಬುವ ಹಣವೂ ಇದರಲ್ಲಿ ಬರುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ನಿಜ, ಅಲ್ಲಿಯವರೆಗೆ ದುಡ್ಡು ಸರ್ಕಾರದ ಬಳಿ. ಮಿತಿ ಏಪ್ರಿಲ್ 1ಕ್ಕೆ ಹೊಸದಾಗಿ ಶುರುವಾಗುತ್ತದೆ, ಪ್ರವಾಸ ಮೇ ತಿಂಗಳಲ್ಲಿ. ಆದ್ದರಿಂದ ಅವಳ ಕಾರ್ಡಿಗೆ ಹಣ ತುಂಬುವುದು ಏಪ್ರಿಲ್‌ನಲ್ಲೇ. ದೋಣಿ, ವಿಮಾನ ಎಲ್ಲ ಒಟ್ಟುಗೂಡಿಸಿದ ಪ್ಯಾಕೇಜ್ ಕೊಂಡಿದ್ದರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇರುತ್ತಿತ್ತು.

ಉಳಿದದ್ದು ಚಿಲ್ಲರೆ. ಚರ್ಕ್‌ನಲ್ಲಿ ರೈಲು ನಿಲ್ದಾಣವಿದೆ; ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಅಲ್ಲಿನ ಹಲವು ರೈಲು ಕಂಪನಿಗಳು ದಟ್ಟಣೆಯಿಲ್ಲದ ಹೊತ್ತಿನಲ್ಲಿ ಮೂರನೇ ಒಂದು ಭಾಗ ರಿಯಾಯಿತಿ ಕೊಡುತ್ತವೆ. ದಡದಲ್ಲಿ ಬಹುತೇಕ ಕಡೆ ಗೂಟ ಹೊಡೆದು ರಾತ್ರಿ ಕಳೆಯಲು ಕಾಸಿಲ್ಲ. ಒಲೆ ಗ್ಯಾಸಿನದು, ಕುಕ್ಕರ್ ನಡೆಯುತ್ತದೆ. ಹುಳಿಪುಡಿ, ಚಟ್ನಿಪುಡಿ ಒಯ್ಯಬಹುದು, ಆದರೆ ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ, ಕೆಲವರು ಬಳಸಿದಷ್ಟಕ್ಕೆ ಬೇರೆ ಬಿಲ್ ಮಾಡುತ್ತಾರೆ.

ಕೊನೆಯ ಚರ್ಚೆ ನಡೆದದ್ದು ಹೋದ ಭಾನುವಾರ. ದೋಣಿಗೆ ಪೆಟ್ಟಾದರೆ ಮುರಿದುಕೊಳ್ಳುವ ದೊಡ್ಡ ಠೇವಣಿ ಇಡುವುದೋ, ಹಿಂದಿರುಗದ ಸಣ್ಣ ಶುಲ್ಕ ಕಟ್ಟಿ ನಿಶ್ಚಿಂತರಾಗುವುದೋ? ಕಾಗದದ ಮೇಲೆ ಠೇವಣಿಯೇ ಲಾಭ. ಜೋಪಾನವಾಗಿ ನಡೆಸಿದರೆ ಪೂರ್ತಿ ವಾಪಸ್. ನಾನು ಶುಲ್ಕದ ಪರ ನಿಂತೆ. ದೋಣಿ ದಡಕ್ಕೆ ಬಡಿಯುವ ಗಳಿಗೆಯಲ್ಲಿ ಚುಕ್ಕಾಣಿ ಯಾರೋ ಒಬ್ಬರ ಕೈಯಲ್ಲಿರುತ್ತದೆ, ಠೇವಣಿ ಮಾತ್ರ ಆರೂ ಜನರದ್ದು. ಶುಲ್ಕ ಕಟ್ಟಿಯಾದರೆ ಸಣ್ಣಪುಟ್ಟ ಪೆಟ್ಟಿಗೆ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಮೇಷ್ಟ್ರು ಕೂಡಲೇ ಹೂಂ ಎಂದರು. ಮಂಡ್ಯದವನು ಮಾತ್ರ ನಿಯಮದ ಹಾಳೆಯನ್ನು ಇನ್ನೊಮ್ಮೆ ಓದಿ, "ಅಂಗಾದ್ರೆ ಮೊದಲ್ನೇ ದಿನ ಚುಕ್ಕಾಣಿ ನಂಗೇ ಬಿಡಿ" ಎಂದ.