ಮಿದುಳಿನ ಗಡ್ಡೆಯಿಂದ ನೊಂದವರ ಸ್ಮರಣೆ

ಅಗಲಿದವರನ್ನು ನೆನೆಯುವುದು ಉಳಿದವರ ಕರ್ತವ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೆನೆಯುವ ಬಗೆ ಎಂತಹದಿರಬೇಕೆಂದು ವಿಚಾರಿಸುವವರು ವಿರಳ. ಪುಣ್ಯಸ್ಮರಣೆಯ ಸಭೆಗಳಲ್ಲಿ ಮೃತರ ಆರೋಗ್ಯದ ದಿನಗಳನ್ನು ಬಾಯ್ತುಂಬ ಬಣ್ಣಿಸಿ, ಬೇನೆಯ ಕಾಲವನ್ನು ಮುಚ್ಚಿಡುವುದು ವಾಡಿಕೆ. ಕಾಲಿಗೋ ಎದೆಗೋ ಬೇನೆ ಬಂದವರ ವಿಷಯದಲ್ಲಿ ಇದರಿಂದ ಹೆಚ್ಚಿನ ಕೇಡಿಲ್ಲ. ಬೇನೆ ಬೇರೆ, ಮನುಷ್ಯ ಬೇರೆ ಎಂಬುದನ್ನು ಎಲ್ಲರೂ ಬಲ್ಲರು. ಮಿದುಳಿನಲ್ಲಿ ಗಡ್ಡೆ ಬೆಳೆದವರ ಸ್ಥಿತಿ ಹಾಗಲ್ಲ. ನೆನಪು, ಮಾತು, ವಿವೇಕ, ಸಹನೆಗಳಿಗೆ ಆಶ್ರಯವಾದ ತಾಣಕ್ಕೇ ರೋಗವು ಕೈಯಿಕ್ಕುವುದರಿಂದ, ರೋಗದ ಲಕ್ಷಣವೇ ಆ ಮನುಷ್ಯನ ಗುಣವೆಂಬಂತೆ ತೋರತೊಡಗುತ್ತದೆ. ಶಾಂತಸ್ವಭಾವದವನು ಸಿಡುಕನಾದರೆ ಅಹಂಕಾರವೆನ್ನುತ್ತೇವೆ. ಚುರುಕಾಗಿದ್ದವಳು ಮಂದಳಾದರೆ ಸೋಮಾರಿತನವೆನ್ನುತ್ತೇವೆ. ಮುಂಜಾವದಲ್ಲಿ ಹೆಚ್ಚುವ ತಲೆನೋವು, ವಾಂತಿ, ಸೆಳವು ಇವು ಕಾಣಿಸಿಕೊಂಡಾಗ ವೈದ್ಯನ ನೆನಪಾಗುತ್ತದೆ. ಸ್ವಭಾವವು ಮಾರ್ಪಟ್ಟಾಗ ಆಗುವುದಿಲ್ಲ.

ಈ ರೋಗದಿಂದ ಬಾಧಿತರಾದವರಿಗಾಗಿ ಜೂನ್ 8ನೆಯ ದಿನವನ್ನು ಮೀಸಲಿಡಲಾಗಿದೆ. ರೋಗಿಗಳಿಗಾಗಿ ದುಡಿಯುವ ಜರ್ಮನಿಯ ಲೈಪ್‌ಜಿಗ್ ನಗರದ ಸಂಘವೊಂದು 2000ರಲ್ಲಿ ಇದನ್ನು ಆರಂಭಿಸಿತು. ಬೂದುಬಣ್ಣದ ಪಟ್ಟಿಯನ್ನು ಧರಿಸುವುದು ಇಂಥವರ ಸ್ಮರಣೆಯ ಕುರುಹು. ಕುರುಹು ಇರಲಿ, ಅದರ ಹಿಂದಿನ ಭಾವವು ಯಾವುದೆಂಬುದಕ್ಕೆ ಕೆನಡಾ ದೇಶದ ಒಂದು ವೃತ್ತಾಂತವನ್ನು ನೋಡುವುದು ಉಚಿತ.

ಡಾ. ವೈಲ್ಡರ್ ಪೆನ್‌ಫೀಲ್ಡರು (1891-1976) ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಜಗದ್ವಿಖ್ಯಾತರು. 1928ರಲ್ಲಿ ಅವರು ಮಾಂಟ್ರಿಯಲ್ ನಗರಕ್ಕೆ ಬಂದು ನೆಲೆಸಿದ ಕೆಲವೇ ತಿಂಗಳಲ್ಲಿ, ಎಳವೆಯಿಂದಲೂ ಸೆಳವಿನಿಂದ ನರಳುತ್ತಿದ್ದ ಅವರ ಅಕ್ಕ ರೂತ್ ಚಿಕಿತ್ಸೆಗೆಂದು ಬಂದರು. ಬಲಗಡೆಯ ಮುಂಮಿದುಳಿನಲ್ಲಿ ದೊಡ್ಡ ಗಡ್ಡೆಯಿತ್ತು. ಒಡಹುಟ್ಟಿದವಳ ತಲೆಯನ್ನು ತಮ್ಮನೇ ತೆರೆಯುವುದೆಂದರೆ ಎಂತಹ ಧರ್ಮಸಂಕಟವೆಂಬುದನ್ನು ವಾಚಕರು ಊಹಿಸಬಹುದು. ಆದರೂ ಆ ವರ್ಷದ ಡಿಸೆಂಬರಿನಲ್ಲಿ ಪೆನ್‌ಫೀಲ್ಡರೇ ಶಸ್ತ್ರ ಹಿಡಿದರು. ಮುಂಮಿದುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ಗಡ್ಡೆಯನ್ನು ಬುಡಸಮೇತ ಕೀಳಲು ಸಾಧ್ಯವಾಗಲಿಲ್ಲ. ಆಕೆ ಚೇತರಿಸಿಕೊಂಡು ಮನೆಗೆ ಮರಳಿ ಗಂಡ ಮಕ್ಕಳೊಡನೆ ಸಂಸಾರವನ್ನು ನಡೆಸತೊಡಗಿದರು.

ಸುಮಾರು ಹದಿನೈದು ತಿಂಗಳ ತರುವಾಯ ಒಂದು ಸಂಜೆ ಆಕೆ ತಮ್ಮನನ್ನು ಊಟಕ್ಕೆ ಕರೆದರು. ಅತಿಥಿ ಒಬ್ಬನೇ, ಮನೆಯವರು ನಾಲ್ವರು. ಅಡಿಗೆಯೂ ಸಾಮಾನ್ಯವಾದುದೇ. ಆ ಸಂಜೆಗಾಗಿ ಆಕೆ ಹಂಬಲದಿಂದ ಕಾದಿದ್ದರು. ಹೊತ್ತಾದಾಗ ನೋಡಿದರೆ ಸಾಮಗ್ರಿಗಳೆಲ್ಲ ಅಡಿಗೆಮನೆಯಲ್ಲಿ ಸಿದ್ಧವಾಗಿದ್ದುವು. ಒಲೆಯ ಮೇಲೆ ಒಂದೆರಡು ಪದಾರ್ಥಗಳು ಮಾತ್ರ ಬೇಯುತ್ತಿದ್ದುವು. ಉಳಿದುದು ಇನ್ನೂ ಮೊದಲಾಗಿಯೇ ಇರಲಿಲ್ಲ. ಬಹಳ ಹೊತ್ತು ಒಬ್ಬರೇ ಹೆಣಗಿ ಆಕೆ ಕಂಗೆಟ್ಟು ನಿಂತಿದ್ದರು. ಮತ್ತೊಬ್ಬರ ನೆರವು ದೊರೆತೊಡನೆ ಅಡಿಗೆ ಬೇಗನೆ ಅಣಿಯಾಯಿತು.

ಪರರು ಕಂಡಿದ್ದರೆ ಗೃಹಕೃತ್ಯ ತಪ್ಪಿದ ಹೆಂಗಸೆಂದು ನಗುತ್ತಿದ್ದರೋ ಏನೋ. ತಮ್ಮನಿಗೆ ಕಂಡುದು ಬೇರೆ. ಒಂದೊಂದು ಕೆಲಸವನ್ನೂ ಆಕೆ ಬಲ್ಲರು; ಯಾವುದು ಮೊದಲು, ಯಾವುದು ಅನಂತರ ಎಂದು ಅನುಕ್ರಮವನ್ನು ಹೂಡುವ ಶಕ್ತಿ ಮಾತ್ರ ಕುಗ್ಗಿತ್ತು. ಉಣಬಡಿಸಬೇಕೆಂಬ ಅಕ್ಕರೆಗೆ ಎಳ್ಳಷ್ಟೂ ಊನವಾಗಿರಲಿಲ್ಲ. ದಾಸೋಹಭಾವವನ್ನು ಅಡಿಗೆಯ ಸಿದ್ಧತೆಯಿಂದ ಅಳೆಯುವವರು ಇಲ್ಲಿ ತುಸು ನಿಂತು ಯೋಚಿಸಬೇಕು. 1935ರಲ್ಲಿ ಪೆನ್‌ಫೀಲ್ಡರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ಮುಂಮಿದುಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಆ ಸಂಜೆಯ ವಿವರವನ್ನು ಬರೆದಿಟ್ಟರು. ಕಾರ್ಯಗಳನ್ನು ಯೋಜಿಸುವ ಸಾಮರ್ಥ್ಯಕ್ಕೂ ಮುಂಮಿದುಳಿಗೂ ಇರುವ ಸಂಬಂಧವನ್ನು ವೈದ್ಯರು ಅರಿಯಲು ಅದೂ ಒಂದು ಸಾಧನವಾಯಿತು.

ಗಡ್ಡೆ ಮತ್ತೆ ಬೆಳೆದು ಕೆಲವು ವರ್ಷಗಳಲ್ಲಿಯೇ ರೂತ್ ಕಾಲವಶರಾದರು. ಅಕ್ಕನನ್ನು ಉಳಿಸಲಾರದ ವ್ಯಥೆಯು ಪೆನ್‌ಫೀಲ್ಡರ ಸಂಕಲ್ಪವನ್ನು ಬಲಪಡಿಸಿತು. ಚಿಕಿತ್ಸೆಯೂ ಸಂಶೋಧನೆಯೂ ಒಂದೇ ಸೂರಿನಡಿ ನಡೆಯುವ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ 1934ರಲ್ಲಿ ತೆರೆಯಿತು.

ಆ ಊಟದ ಸಂಜೆಯನ್ನು ಮರೆಮಾಚಿ, ಹಿಂದಿನ ಸಮರ್ಥ ಗೃಹಿಣಿಯನ್ನೇ ತಮ್ಮನು ನೆನೆದಿದ್ದರೆ ಅದು ಅಕ್ಕರೆಯೇ ಆಗುತ್ತಿತ್ತು. ಆದರೆ ಅಕ್ಕನ ಅತ್ಯಂತ ಕಠಿಣವಾದ ಪ್ರಯತ್ನವು ಲೆಕ್ಕಕ್ಕೆ ಸೇರದೆ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಮಾತು ತಡವರಿಸಿದರೂ ಮೊಮ್ಮಗನ ಹೆಸರನ್ನು ಹುಡುಕಿ ಹುಡುಕಿ ಕರೆದ ಅಜ್ಜನ ಶ್ರಮ ನಿರೋಗಿಯ ನೂರು ಮಾತುಗಳಿಗಿಂತ ಹಿರಿದು. ಸ್ಮರಣೆಯ ದಿನ ಅದನ್ನು ಹೇಳಲು ಸಂಕೋಚವೇಕೆ? ಸಿಡುಕಿನ ಮಾತು ಕೇಳಿ ನೊಂದ ಮಡದಿಮಕ್ಕಳಿಗೂ, ಆಡಿದ್ದು ರೋಗವೆಂದು ತಿಳಿದರೆ ಮನಸ್ಸಿನ ಗಂಟು ಸಡಿಲವಾದೀತು.

ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಸ್ಮರಣೆಗೂ ಅವಕಾಶವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಾನವ ಮಿದುಳಿನ ಭಂಡಾರವು ಸ್ಥಾಪಿತವಾಯಿತು. ಕುಟುಂಬದವರು ಸಮ್ಮತಿಸಿ ಒಪ್ಪಿಸಿದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಮರಣದ ಬಳಿಕ ಕೆಲವೇ ಗಂಟೆಗಳೊಳಗೆ ಈ ಕಾರ್ಯವು ನಡೆಯಬೇಕಾದುದರಿಂದ, ಒಪ್ಪಿಸುವ ಇಚ್ಛೆಯುಳ್ಳವರು ಮನೆಯವರೊಡನೆ ಮೊದಲೇ ಮಾತನಾಡಿಕೊಂಡಿರುವುದು ಲೇಸು.