ಟೈಲು ಕತ್ತರಿಸುವ ಸಲಕರಣೆಗಳ ಆಯ್ಕೆ

ಚೆನ್ನೈ ಮಹಾನಗರದ ಉತ್ತರದ ಅಂಚಿನಲ್ಲಿರುವ ಎಣ್ಣೂರು ಒಂದೆಡೆ ಬಂಗಾಳ ಕೊಲ್ಲಿಯನ್ನೂ ಮತ್ತೊಂದೆಡೆ ಕೊಸಸ್ತಲೆಯಾರು ನದಿಯ ಅಳಿವೆಯನ್ನೂ ಹೊಂದಿರುವ ತಗ್ಗು ಪ್ರದೇಶ. 2023ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದಿಂದ ಉಂಟಾದ ನೆರೆಯ ನೀರಿನಲ್ಲಿ ತೈಲವೂ ಬೆರೆತು ಅಳಿವೆಯ ಸುತ್ತಲಿನ ಜನವಸತಿಗಳಿಗೆ ಹರಡಿತು. ನೀರು ನಿಂತು ನೆಲ ಕುಸಿದಾಗ ಅಥವಾ ಗೋಡೆಯ ಗಾರೆ ಸಡಿಲವಾದಾಗ ಮನೆಯ ದುರಸ್ತಿ ಅನಿವಾರ್ಯವಾಗುತ್ತದೆ. ಕರ್ನಾಟಕದ ಕರಾವಳಿಯ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂತಹ ಕೆಲಸದಲ್ಲಿ ಟೈಲಿನ ಬೆಲೆಗೆ ನೀಡುವಷ್ಟು ಗಮನವನ್ನು ಅದನ್ನು ಕತ್ತರಿಸುವ ಸಲಕರಣೆಗೆ ಸಾಮಾನ್ಯವಾಗಿ ಯಾರೂ ನೀಡುವುದಿಲ್ಲ. ಆದರೆ ಟೈಲು ಒಡೆದು ಹಾಳಾಗುವುದೂ, ಕೆಲಸಗಾರನ ಆರೋಗ್ಯ ಉಳಿಯುವುದೂ ಈ ಆಯ್ಕೆಯನ್ನೇ ಅವಲಂಬಿಸಿವೆ.

ಮೊದಲು ಟೈಲಿನ ಗುಣವನ್ನು ಅರಿಯಬೇಕು

ಟೈಲುಗಳನ್ನು ಅವು ನೀರು ಹೀರುವ ಪ್ರಮಾಣಕ್ಕೆ ಅನುಗುಣವಾಗಿ ವರ್ಗೀಕರಿಸಲಾಗುತ್ತದೆ. ಗೋಡೆಗೆ ಬಳಸುವ ಸಾಧಾರಣ ಸಿರಾಮಿಕ್ ಟೈಲು ತನ್ನ ತೂಕದ ಶೇಕಡ 10ಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು, ಇದು ಮೃದು. ನೆಲಕ್ಕೆ ಹಾಸುವ ವಿಟ್ರಿಫೈಡ್ ಟೈಲು ಹೀರುವುದು ಶೇಕಡ 0.5ಕ್ಕಿಂತಲೂ ಕಡಿಮೆ, ಇದು ಗಾಜಿನಂತೆ ಗಟ್ಟಿ. ಟೈಲಿನ ಹಿಂಬದಿಗೆ ಒಂದು ಹನಿ ನೀರು ಬಿಟ್ಟು ನೋಡಿದರೆ ವ್ಯತ್ಯಾಸವು ಸ್ಥೂಲವಾಗಿ ತಿಳಿಯುತ್ತದೆ. ಹನಿ ಬೇಗನೆ ಇಂಗಿದರೆ ಟೈಲು ಮೃದುವೆಂದೂ, ಹಾಗೆಯೇ ನಿಂತರೆ ಗಟ್ಟಿಯೆಂದೂ ಭಾವಿಸಬಹುದು.

ಕೈಯಿಂದ ನಡೆಸುವ ಕಟರ್

ನೇರವಾದ ಕತ್ತರಿಕೆಗೆ ಕೈ ಕಟರ್ ಉತ್ತಮ ಸಾಧನ. ಇದರ ಟಂಗ್‌ಸ್ಟನ್ ಕಾರ್ಬೈಡ್ ಚಕ್ರವು ಟೈಲಿನ ಮೇಲ್ಮೈಯಲ್ಲಿ ಗೀರು ಎಳೆಯುತ್ತದೆ; ಅನಂತರ ಹಿಡಿಯನ್ನು ಒತ್ತಿದಾಗ ಟೈಲು ಗೀರಿನ ಗುಂಟ ಬೇರ್ಪಡುತ್ತದೆ. ಗೀರನ್ನು ಒಂದೇ ಸಲ, ಸಮನಾದ ಒತ್ತಡದಿಂದ ಎಳೆಯಬೇಕು. ಎರಡು ಮೂರು ಸಲ ಎಳೆದರೆ ಅಂಚು ಸಿಡಿಯುವ ಸಂಭವವುಂಟು. ಈ ಸಾಧನಕ್ಕೆ ವಿದ್ಯುತ್ತು ಬೇಕಿಲ್ಲ, ಧೂಳೂ ಅತ್ಯಲ್ಪ.

ಖರೀದಿಸುವಾಗ ಕಟರಿನ ಉದ್ದವನ್ನು ಗಮನಿಸತಕ್ಕದ್ದು. 600 ಮಿಲಿಮೀಟರ್ ಚೌಕದ ಟೈಲನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕಾದರೆ ಸುಮಾರು 850 ಮಿಲಿಮೀಟರ್ ಉದ್ದದ ಗೀರು ಬೇಕಾಗುತ್ತದೆ. ಗ್ರಾನೈಟ್ ಮತ್ತು ಕಡಪ ಕಲ್ಲುಗಳಿಗೆ ಈ ಸಾಧನ ಉಪಯೋಗಕ್ಕೆ ಬಾರದು.

ವಿದ್ಯುತ್ ಯಂತ್ರಗಳು

ಬಾಗಿಲ ಚೌಕಟ್ಟಿನ ಬಳಿಯ ಮೂಲೆಗಚ್ಚು, ತೀರ ಕಿರಿದಾದ ಪಟ್ಟಿ ಹಾಗೂ ಕಲ್ಲಿನ ಚಪ್ಪಡಿಗಳಿಗೆ ಮಾರ್ಬಲ್ ಕಟರ್ ಎಂದು ಕರೆಯಲಾಗುವ ಯಂತ್ರ ಅಗತ್ಯ. ಇದಕ್ಕೆ ವಜ್ರದ ಕಣಗಳುಳ್ಳ ಬ್ಲೇಡನ್ನೇ ಜೋಡಿಸಬೇಕು. ಅಂಚಿನಲ್ಲಿ ಸೀಳಿಲ್ಲದ ಅಖಂಡ ಬ್ಲೇಡು ಟೈಲಿನ ಹೊಳಪನ್ನು ಕೆಡಿಸದೆ ನಯವಾಗಿ ಕತ್ತರಿಸುತ್ತದೆ. ಸೀಳುಗಳುಳ್ಳ ಬ್ಲೇಡು ಕಲ್ಲು ಮತ್ತು ಕಾಂಕ್ರೀಟಿಗೆ ಯೋಗ್ಯ. ಬ್ಲೇಡಿನ ಮೇಲೆ ನಮೂದಿಸಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು. ಇದ್ದರೆ ಬ್ಲೇಡು ಸಿಡಿದು ಅಪಾಯವಾಗಬಹುದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಜೋಡಿಸುವುದಾಗಲಿ, ಬ್ಲೇಡಿನ ಮೇಲಿನ ರಕ್ಷಾಕವಚವನ್ನು ತೆಗೆದುಹಾಕುವುದಾಗಲಿ ಸರ್ವಥಾ ಸಲ್ಲದು.

ನಲ್ಲಿಯ ಕೊಳವೆಗಾಗಿ ದುಂಡು ರಂಧ್ರ ಮಾಡಲು ವಜ್ರಲೇಪಿತ ಕೊರೆಯುವ ಬಿಟ್ಟನ್ನು, ಅಂಚನ್ನು ಸ್ವಲ್ಪವಾಗಿ ಬಾಗಿಸಿ ಒಡೆಯಲು ಇಕ್ಕಳವನ್ನು ಬಳಸಬಹುದು.

ಧೂಳಿನ ಅಪಾಯ

ಟೈಲಿನಲ್ಲಿಯೂ ಗ್ರಾನೈಟಿನಲ್ಲಿಯೂ ಸ್ಫಟಿಕರೂಪದ ಸಿಲಿಕಾ ಇರುತ್ತದೆ. ಒಣಗಿದ ಟೈಲನ್ನು ಯಂತ್ರದಿಂದ ಕೊಯ್ದಾಗ ಇದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ಆಳವನ್ನು ಸೇರುತ್ತವೆ. ಇದರಿಂದ ಬರುವ ಸಿಲಿಕೋಸಿಸ್ ಎಂಬ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯರೋಗ ತಗಲುವ ಸಂಭವವನ್ನೂ ಅದು ಹೆಚ್ಚಿಸುತ್ತದೆ. ಮಧ್ಯಪ್ರದೇಶದ ಮಂದಸೌರ್ ಪ್ರದೇಶದಲ್ಲಿ ಬಳಪದ ಕಡ್ಡಿಗಾಗಿ ಕಲ್ಲು ಕೊಯ್ಯುತ್ತಿದ್ದ ಕಾರ್ಮಿಕರು ಈ ರೋಗಕ್ಕೆ ದೊಡ್ಡ ಸಂಖ್ಯೆಯಲ್ಲಿ ತುತ್ತಾದರು. ಉಸಿರಿನೊಡನೆ ಸೇರುವ ಈ ಕಣಗಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ವರ್ಗೀಕರಿಸಿತು. ಹೆಚ್ಚು ಸಿಲಿಕಾ ಇರುವ ಕೃತಕ ಕಲ್ಲಿನ ಹಲಗೆಗಳನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿತು.

ಆದ್ದರಿಂದ ಯಂತ್ರವನ್ನು ಆರಿಸುವಾಗ ಬ್ಲೇಡಿಗೆ ನೀರು ಹಾಯಿಸುವ ವ್ಯವಸ್ಥೆ ಉಳ್ಳದ್ದಕ್ಕೆ ಆದ್ಯತೆ ನೀಡಬೇಕು. ನೀರು ಧೂಳನ್ನು ಅದು ಹುಟ್ಟುವಲ್ಲಿಯೇ ಹಿಡಿದಿಡುತ್ತದೆ, ಬ್ಲೇಡನ್ನೂ ತಂಪಾಗಿಡುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ಕರವಸ್ತ್ರ ಈ ಕಣಗಳನ್ನು ತಡೆಯಲಾರದು. ಎನ್-95 ದರ್ಜೆಯ ಮುಖಕವಚ ಹಾಗೂ ಕಣ್ಣಿಗೆ ರಕ್ಷಣಾ ಕನ್ನಡಕ ಇರಬೇಕು. ಒಣ ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಕತ್ತರಿಸುವ ಸ್ಥಳದಿಂದ ಮಕ್ಕಳನ್ನು ದೂರವಿಡಬೇಕು.

ನೀರು ಮತ್ತು ವಿದ್ಯುತ್ತು

ನೀರು ಇರುವಲ್ಲಿ ವಿದ್ಯುದಾಘಾತದ ಭಯವೂ ಇದೆ. ನೀರು ಹಾಯಿಸಲೆಂದು ತಯಾರಕರೇ ರೂಪಿಸಿರುವ ಯಂತ್ರವನ್ನು ಮಾತ್ರ ಹಾಗೆ ಬಳಸಬೇಕು. ಮನೆಯ ವಿದ್ಯುತ್ ಸಂಪರ್ಕದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಕಡಿತಗೊಳ್ಳುವ ಆರ್‌ಸಿಸಿಬಿ ಸಾಧನವಿರಬೇಕು. ನೆರೆಯಲ್ಲಿ ಮುಳುಗಿದ್ದ ಯಂತ್ರವನ್ನು ಬಲ್ಲವರಿಂದ ಪರೀಕ್ಷಿಸದೆ ಚಾಲೂ ಮಾಡಬಾರದು. ಎಣ್ಣೂರಿನಂತಹ ಕಡಲ ತೀರದ ಉಪ್ಪುಗಾಳಿಯಲ್ಲಿ ಕೈ ಕಟರಿನ ಉಕ್ಕಿನ ಸರಳುಗಳು ಬೇಗನೆ ತುಕ್ಕು ಹಿಡಿಯುತ್ತವೆ. ಕೆಲಸ ಮುಗಿದೊಡನೆ ಅವನ್ನು ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಒಣಗಿದ ಜಾಗದಲ್ಲಿಡಬೇಕು.

ಯಾವುದನ್ನು ಕೊಳ್ಳಬೇಕು?

ಒಂದೆರಡು ಕೋಣೆಗಳ ದುರಸ್ತಿಗೆ ದುಬಾರಿ ಯಂತ್ರವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ನೇರವಾದ ಕತ್ತರಿಕೆಗಳನ್ನೆಲ್ಲ ಕೈ ಕಟರಿನಿಂದ ಪೂರೈಸಿ, ಮೂಲೆಗಚ್ಚು ಮತ್ತು ರಂಧ್ರಗಳ ಕೆಲಸವನ್ನು ಒಟ್ಟುಗೂಡಿಸಿ ಒಂದು ದಿನದ ಮಟ್ಟಿಗೆ ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸುವ ಗೃಹಸ್ಥರು ಕೂಲಿಯನ್ನು ನಿಶ್ಚಯಿಸುವಾಗಲೇ ನೀರು ಹಾಯಿಸಿ ಕತ್ತರಿಸಬೇಕೆಂಬ ಮಾತನ್ನು ಸೇರಿಸಿ, ಅದಕ್ಕೆ ಬೇಕಾದ ನೀರು, ಸ್ಥಳ ಮತ್ತು ಮುಖಕವಚವನ್ನು ತಾವೇ ಒದಗಿಸುವುದು ಒಳ್ಳೆಯದು. ಮನೆಯವರು ಈ ಧೂಳನ್ನು ಕೆಲವು ದಿನ ಮಾತ್ರ ಉಸಿರಾಡುತ್ತಾರೆ. ಟೈಲು ಹಾಸುವವನು ಮನೆಯಿಂದ ಮನೆಗೆ ಅದನ್ನೇ ಉಸಿರಾಡುತ್ತಿರುತ್ತಾನೆ.